ಸೇತುರಾಮನ ಆದಿತಾಳ

ಸೇತುರಾಮನ ಬಲಗೈಗೆ ಒಂದು ಚಾಳಿಯಿತ್ತು. ಎಲ್ಲಿ ಸಂಗೀತ ಕೇಳಿಸಿದರೂ ಅದು ಯಾರ ಅಪ್ಪಣೆಗೂ ಕಾಯದೆ ತೊಡೆಯ ಮೇಲೆ ತಾಳ ಹಾಕುತ್ತಿತ್ತು. ಮೈಸೂರಿನ ರಾಮೋತ್ಸವದ ಕಚೇರಿಗಳಲ್ಲಿ ಇದರಿಂದ ಯಾರಿಗೂ ತೊಂದರೆಯಿರಲಿಲ್ಲ, ಅಲ್ಲಿ ಎಲ್ಲರ ತೊಡೆಗಳದ್ದೂ ಅದೇ ಗತಿ. ತೊಂದರೆಯಾದದ್ದು ಸಿಂಗಪುರದಲ್ಲಿ, ತೊಂಬತ್ತನಾಲ್ಕರ ಒಂದು ಶನಿವಾರ.

ಅವತ್ತು ಬೆಳಿಗ್ಗೆ ತಂಜಾಂಗ್ ಪಗಾರ್‌ನ ಆಫೀಸಿನಲ್ಲಿ ಅವನು ರಜೆಯ ಅರ್ಜಿ ಹಿಡಿದು ಬಾಸ್ ಹೆನ್ರಿಕ್‌ನ ಮುಂದೆ ನಿಂತ. ಮುಂದಿನ ತಿಂಗಳು ಹನ್ನೆರಡಕ್ಕೆ ಮೈಸೂರಿನಲ್ಲಿ ಭಾವಮೈದುನನ ಮದುವೆ. ಹೆಂಡತಿ ಪದ್ಮಜಾ ಮೊದಲೇ ಹೇಳಿದ್ದಳು: "ರಜ ಸಿಗ್ಲಿಲ್ಲಾಂದ್ರೆ ನಾನೊಬ್ಳೇ ಹೋಗ್ತೀನಿ. ವಾಪಸ್ ಬರೋದು ಆಮೇಲೆ ಯೋಚ್ನೆ ಮಾಡ್ತೀನಿ."

ಹೆನ್ರಿಕ್ ಡೆನ್ಮಾರ್ಕಿನವನು. ಅವನ ಅಕ್ಕ ಕಿರ್ಸ್ಟನ್ ಸಂಗೀತ ರಚಿಸುವವಳು. ಆಕೆಯ ಹೊಸ ಕೃತಿಯ ಮೊದಲ ಪ್ರದರ್ಶನ ಅಂದೇ ಸಂಜೆ, ಅದನ್ನು ಅಲ್ಲೇ ಸಿ.ಡಿ.ಗೆ ರೆಕಾರ್ಡ್ ಮಾಡುವವರಿದ್ದರು. ಹೆನ್ರಿಕ್ ಅರ್ಜಿಯನ್ನು ಮಡಚಿ ಜೇಬಿಗಿಟ್ಟುಕೊಂಡು ಎರಡು ಟಿಕೆಟ್ ಕೊಟ್ಟ.

"ಸೀಟು ತುಂಬಬೇಕು, ಬಾ. ಆದರೆ ಕೆಮ್ಮಲೂ ಕೂಡದು. ರೆಕಾರ್ಡಿಂಗ್ ಸರಿಯಾಗಿ ಆದರೆ ರಜೆಗೆ ಸೈನ್."

ಮೈಸೂರಿನವನಿಗೆ ಸಂಗೀತ ಕೇಳುವುದನ್ನು ಹೇಳಿಕೊಡಬೇಕೇ ಎಂದು ಸೇತುರಾಮ ಎದೆಯುಬ್ಬಿಸಿ ಹೊರಬಂದ.

ಪದ್ಮಜಾ ಆಗಲೇ ಸೀರೆ ಪ್ಯಾಕ್ ಮಾಡುವುದರಲ್ಲಿದ್ದಳು. ಎರಡನೇ ಟಿಕೆಟ್ಟಿಗೆ ಪಾಸಿರ್ ರಿಸ್‌ನಲ್ಲಿ ಅವರದೇ ಬ್ಲಾಕಿನಲ್ಲಿದ್ದ ಅನಂತರಾಮ್ ತಾವಾಗಿಯೇ ಒದಗಿಬಂದರು. ಎಂಆರ್‌ಟಿ ರೈಲು ಹತ್ತಿದಲ್ಲಿಂದ ಅವರ ಉಪದೇಶ ಶುರುವಾಯಿತು.

"ಕೈ ಮೇಲೆ ಕೂತ್ಕೊಂಡ್ಬಿಡಿ ಸೇತುರಾಮ್. ಪ್ರಾಬ್ಲಮ್ ಸಾಲ್ವ್!"

ಸಭಾಂಗಣದಲ್ಲಿ ಸೇತುರಾಮ ಹಾಗೆಯೇ ಕೂತ. ವೇದಿಕೆಯಲ್ಲಿ ಒಂದು ಪಿಟೀಲು ಕಿರುಗುಟ್ಟಿತು, ಮತ್ತೊಂದು ಅದಕ್ಕೆ ತಡವಾಗಿ ಉತ್ತರ ಕೊಟ್ಟಿತು. ಹತ್ತು ನಿಮಿಷದಲ್ಲಿ ಕೈ ಜೋಮು ಹಿಡಿಯಿತು.

"ಇದಕ್ಕೆ ತಾಳಾನೇ ಇಲ್ಲ ಕಣ್ರೀ," ಎಂದು ಅನಂತರಾಮ್ ಪಿಸುಗುಟ್ಟಿದರು. "ಕೈ ತೆಗೀರಿ, ಏನೂ ಆಗಲ್ಲ."

ಕೈ ಹೊರಬಂತು. ಆದರೆ ತಾಳವೇ ಇಲ್ಲ ಎಂಬ ಮಾತು ಸೇತುರಾಮನ ಅಭಿಮಾನವನ್ನು ಕುಟುಕಿತು. ಕಣ್ಣುಮುಚ್ಚಿ ಮನಸ್ಸಿನಲ್ಲೇ ಲೆಕ್ಕ ಹಾಕುತ್ತ ಹೋದ. ಸಿಕ್ಕಿತು! ಆದಿತಾಳ, ಅನುಮಾನವೇ ಇಲ್ಲ.

ಅಷ್ಟರಲ್ಲಿ ಎಲ್ಲ ವಾದ್ಯಗಳೂ ಒಮ್ಮೆಲೇ ನಿಂತವು. ಸಭೆಯೆಲ್ಲ ಉಸಿರು ಬಿಗಿಹಿಡಿದು ಕೂತಿತು. ಆದರೆ ನಮ್ಮ ಕಡೆ ಹಾಡು ನಿಂತರೂ ತಾಳ ನಿಲ್ಲುವ ಪದ್ಧತಿಯಿಲ್ಲವಲ್ಲ!

ಪಟ್! ಮೂರು ಬೆರಳೆಣಿಕೆ. ಪಟ್! ಒಂದು ಬೀಸು. ಪಟ್! ಇನ್ನೊಂದು ಬೀಸು. ಎಂಟೆಣಿಕೆ ಮುಗಿಯಿತು, ಪಿಟೀಲುಗಳು ಸರಿಯಾಗಿ ಅಲ್ಲಿಗೇ ಬಂದು ಇಳಿದವು.

"ಭಲೇ!" ಎಂದರು ಅನಂತರಾಮ್, ತಡೆಯಲಾರದೆ.

ಕಾರ್ಯಕ್ರಮ ಮುಗಿದಾಗ ಹೆನ್ರಿಕ್‌ನ ಮುಖ ಕೆಂಪು ಮೆಣಸಿನಕಾಯಿಯಂತಿತ್ತು. ಅವನು ಅರ್ಜಿಯನ್ನು ಹರಿಯಲು ಹೊರಟಿದ್ದ. ಆಗ ಕಿರ್ಸ್ಟನ್ ಓಡಿಬಂದು ಸೇತುರಾಮನ ಬಲಗೈ ಹಿಡಿದುಕೊಂಡಳು.

"ಎರಡು ವರ್ಷದಿಂದ ಆ ಮೌನದಲ್ಲಿ ಏನೋ ಕಮ್ಮಿಯಿದೆ ಅನಿಸುತ್ತಿತ್ತು. ಈ ಮೂರು ಪೆಟ್ಟು! ಸಿ.ಡಿ.ಯಲ್ಲೂ ಇರುತ್ತೆ, ಮುಂದಿನ ಪ್ರದರ್ಶನದಲ್ಲೂ ಇರಬೇಕು. ಇದೇ ಕೈ, ಇದೇ ತೊಡೆ!"

ಹೆನ್ರಿಕ್ ನಕ್ಕು ಪೆನ್ನು ತೆಗೆದ. ಸೇತುರಾಮನಿಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. "ನೋಡಿದ್ರಾ, ಮೈಸೂರು ಕೈ!" ಎಂದ ಅನಂತರಾಮರಿಗೆ.

ಮುಂದಿನ ಪ್ರದರ್ಶನ ಟೋಕಿಯೋದಲ್ಲಿ, ಮುಂದಿನ ತಿಂಗಳ ಅದೇ ಹನ್ನೆರಡನೇ ತಾರೀಕು. ಹೆನ್ರಿಕ್ ಅರ್ಜಿಯಲ್ಲಿ ಮೈಸೂರು ಎಂಬುದನ್ನು ಹೊಡೆದು ಟೋಕಿಯೋ ಎಂದು ಬರೆದು, ಕೆಳಗೆ ಸೈನ್ ಹಾಕಿ ಕೊಟ್ಟ.

"ಊರಿಗೆ ಅಂತ ತಗೊಂಡಿರೋ ನಿಮ್ ಫ್ಲೈಟ್ ಟಿಕೆಟ್ ವೇಸ್ಟ್ ಆಗೋದ್ ಬೇಡ," ಎಂದರು ಅನಂತರಾಮ್ ವಾಪಸಾಗುವಾಗ. "ಹೆಸರು ಚೇಂಜ್ ಮಾಡಿಸ್ಕೊಳ್ಳೋಕಾದ್ರೆ ಮದುವೆ ಊಟಕ್ಕೆ ನಾನೇ ಹೋಗಿ ಬರ್ತೀನಿ."

ಬಾಗಿಲು ತೆಗೆದ ಪದ್ಮಜಾ ಕೇಳಿದಳು: "ರಜ ಸಿಕ್ತಾ?"

"ಸಿಕ್ತು," ಎಂದು ಸೇತುರಾಮ ಅರ್ಜಿಯನ್ನು ಅವಳ ಕೈಗೆ ಕೊಟ್ಟ. ಅವಳು ಓದಿದಳು. ಮನೆಯಲ್ಲಿ ಎಂಟೆಣಿಕೆಗೂ ಮೀರಿದ ಮೌನ ಆವರಿಸಿತು. ಈ ಸಲ ಸೇತುರಾಮನ ಕೈ ಅಲ್ಲಾಡಲಿಲ್ಲ.