ಹನ್ನೊಂದು ಜನ ಮತ್ತು ಒಬ್ಬ ಅಕ್ಕ

ತಪ್ಪು ಮಾಡಿದವನಿಗೆ ತಾನು ಮಾಡಿದ್ದು ತಪ್ಪೆಂದು ಖಚಿತವಾಗಿಬಿಟ್ಟರೆ ಅದೂ ಒಂದು ನೆಮ್ಮದಿಯೇ. ಅತ್ತು, ಒಪ್ಪಿಕೊಂಡು, ಎದ್ದು ಕೈ ತೊಳೆದು ಊಟಕ್ಕೆ ಕೂರಬಹುದು. ನನ್ನ ಕಷ್ಟ ಬೇರೆ. ನಾನು ಮಾಡಿದ್ದು ತಪ್ಪೋ ಪುಣ್ಯವೋ ಎಂಬುದು ಇವತ್ತಿಗೂ ತೀರ್ಮಾನವಾಗಿಲ್ಲ. ಅಳಲು ಕೂತರೆ ನಡುವೆ ಸಂಶಯ ಬರುತ್ತದೆ; ಹೆಮ್ಮೆಪಡೋಣವೆಂದರೆ ಅಕ್ಕನ ಮುಖ ಕಣ್ಣೆದುರು ಬರುತ್ತದೆ. ನಾನು ಓದಿರುವುದು ಎರಡನೆಯ ಕ್ಲಾಸು, ಅದೂ ಪೂರ್ತಿಯಲ್ಲ. ಹೆಚ್ಚು ಓದಿದವರಿಗೆ ಇಂಥದ್ದೆಲ್ಲ ಸುಲಭವಾಗಿ ಬಗೆಹರಿಯುತ್ತದೆ ಎಂದು ನಂಬಿದ್ದೆ. ಆ ನಂಬಿಕೆಯೂ ಈಗ ಉಳಿದಿಲ್ಲ.

ನಮ್ಮೂರು ಹೇಮಾವತಿಯ ದಡದಲ್ಲಿದೆ. ಹೇಮಗಿರಿ ಬೆಟ್ಟ ಇರುವುದು ಎದುರು ದಡಕ್ಕೆ. ಪೇಟೆಗೆ, ಅಂದರೆ ಕೃಷ್ಣರಾಜಪೇಟೆಗೆ, ಹೋಗುವವರು ಹೊಳೆ ದಾಟಲೇಬೇಕು. ದಾಟಿಸುವವನು ನಾನು. ಹರಿಗೋಲೆಂದರೆ ಚರ್ಮ ಹೊದಿಸಿದ ದೊಡ್ಡ ಬಿದಿರುಬುಟ್ಟಿ. ಅದಕ್ಕೆ ಮುಖವೂ ಇಲ್ಲ, ಬೆನ್ನೂ ಇಲ್ಲ, ಆದ್ದರಿಂದ ಇಂಥ ಕಡೆಗೇ ಹೋಗಬೇಕೆಂಬ ಹಟವೂ ಇಲ್ಲ. ಮಳೆಗಾಲದಲ್ಲಿ ಈ ದಡದಿಂದ ಬಿಟ್ಟರೆ ಆ ದಡದಲ್ಲಿ ಎರಡು ಫರ್ಲಾಂಗು ಕೆಳಗೆ ಹೋಗಿ ಮುಟ್ಟುತ್ತದೆ. ಆಮೇಲೆ ಅದನ್ನು ತಲೆಯ ಮೇಲೆ ಕವುಚಿಕೊಂಡು ದಡದ ಗುಂಟ ನಾಲ್ಕು ಫರ್ಲಾಂಗು ಮೇಲಕ್ಕೆ ನಡೆದು ನೀರಿಗೆ ಬಿಟ್ಟರೆ ಮಾತ್ರ ತಿರುಗಿ ನಾವು ಹೊಳೆಗಿಳಿಯುವ ಕಡವಿಗೇ ಬಂದು ಸೇರುತ್ತೇನೆ. ದೂರದಿಂದ ನೋಡಿದವರಿಗೆ ದೊಡ್ಡದೊಂದು ಅಣಬೆ ಸಂತೆಗೆ ಹೊರಟಂತೆ ಕಾಣುತ್ತದಂತೆ. ಒಂದು ಸಲ ಹೋಗಿ ಬರುವುದೆಂದರೆ ಅರ್ಧ ಬೆಳಗು ಮುಗಿದಂತೆಯೇ. ಇಡೀ ಊರಿಗೆ ಹರಿಗೋಲು ಇದೊಂದೇ.

ಅಪ್ಪ ನನಗೆ ಬಿಟ್ಟುಹೋದ ಕಟ್ಟಳೆಯೂ ಒಂದೇ. ಬರುತ್ತೇನೆ ಎಂದವರಿಗೆ ಕಾಯುತ್ತೇನೆ ಎಂದು ಮಾತು ಕೊಟ್ಟರೆ ನೀರು ತಳ್ಳುವ ಹುಟ್ಟನ್ನು ಮರಳಲ್ಲಿ ನೆಟ್ಟಗೆ ನೆಡಬೇಕು. ಹುಟ್ಟು ನಿಂತಿರುವಷ್ಟು ಹೊತ್ತು ಹರಿಗೋಲು ಅವರದು. ಪಟೇಲರು ಬಂದರೂ ಕೀಳಬಾರದು.

ನನ್ನ ಅಕ್ಕ ನಿಂಗಮ್ಮ ಮದುವೆಯಾದ ಮರುವರ್ಷವೇ ಗಂಡನನ್ನು ಕಳೆದುಕೊಂಡು ಮನೆಗೆ ಬಂದವಳು. ಊರಿನ ಹಳೆಯ ಮೇಷ್ಟ್ರ ಹೆಂಡತಿಯ ಹತ್ತಿರ ಅಕ್ಷರ ಕಲಿತು, ಪರೀಕ್ಷೆಗೆ ಕಟ್ಟಿ, ಪಾಸೂ ಮಾಡಿದಳು. ಆ ವರ್ಷ ಪೇಟೆಯ ಹೆಣ್ಣುಮಕ್ಕಳ ಸ್ಕೂಲಿಗೆ ಒಬ್ಬ ಉಪಾಧ್ಯಾಯಿನಿ ಬೇಕಾಗಿದ್ದರು. ಇನ್‌ಸ್ಪೆಕ್ಟರು ಗುರುವಾರ ಹನ್ನೊಂದು ಗಂಟೆಯವರೆಗೆ ಇರುತ್ತಾರೆ, ಅಷ್ಟರೊಳಗೆ ಬಂದು ಕಾಣಬೇಕು ಎಂದು ಕಾಗದ ಬಂತು. ಅಕ್ಕ ಆ ಕಾಗದವನ್ನು ಎಷ್ಟು ಸಲ ಓದಿದಳೆಂದರೆ, ಓದು ಅಷ್ಟಾಗಿ ಬಾರದ ನನಗೂ ಬಾಯಿಪಾಠವಾಯಿತು.

ಗುರುವಾರ ಹೊತ್ತಿಗೆ ಮುಂಚೆಯೇ ಕಡವಿಗೆ ಬಂದು ಹರಿಗೋಲಿಗೆ ಕಾಲಿಟ್ಟವಳು ಹಾಗೆಯೇ ನಿಂತಳು. ಸರ್ಟಿಫಿಕೇಟು ಮನೆಯ ಗೂಡಿನಲ್ಲೇ ಉಳಿದಿತ್ತು.

“ಓಡೋಗಿ ತತ್ತೀನಿ. ಕಾಯ್ತೀಯ ತಾನೆ?”

“ನೋಡು, ನೆಟ್ಟಿವ್ನಿ. ನೀ ಬರಗಂಟ ಅಳ್ಳಾಡಾಕಿಲ್ಲ, ಓಗು.”

ಅವಳು ದಡದ ಏರಿ ಹತ್ತಿ ಮರೆಯಾಗಿದ್ದಳೋ ಇಲ್ಲವೋ, ಸಂತೆಗೆ ಹೊರಟ ಹನ್ನೊಂದು ಜನ ಬಂದು ಇಳಿದರು. ಮುಂದಾಳು ಬೋರಯ್ಯ. ಊರಿನಲ್ಲಿ ಯಾವ ಜಗಳವಾದರೂ ಕರೆಯದೆ ಬಂದು ತೀರ್ಪು ಕೊಡುವ ಆಸಾಮಿ. ನೆಟ್ಟ ಹುಟ್ಟನ್ನು ನೋಡಿ, ಯಾರಿಗಪ್ಪಾ ಇದು ಎಂದು ಕೇಳಿದ. ಅಕ್ಕನಿಗೆ ಎಂದೆ.

“ಒಬ್ಬಳಿಗೋಸ್ಕರ ಅನ್ನೊಂದು ಜನ ಕಾಯ್ಬೇಕೇನ್ಲಾ? ಲೆಕ್ಕ ಬರಾಕಿಲ್ವಾ ನಿಂಗೆ?”

ಬೇರೆ ಏನೆಂದಿದ್ದರೂ ಸಹಿಸುತ್ತಿದ್ದೆ. ಆದರೆ ಸ್ಕೂಲಿನಲ್ಲಿ ನಾನು ಸರಿಯಾಗಿ ಕಲಿತದ್ದು ಲೆಕ್ಕವೊಂದೇ. ಒಂದು ಕಡೆ ಹನ್ನೊಂದು, ಇನ್ನೊಂದು ಕಡೆ ಒಂದು. ಹುಟ್ಟು ಕಿತ್ತೆ. ನಡುಹೊಳೆಯಲ್ಲಿ ಹರಿಗೋಲು ಒಂದು ಸುತ್ತು ತಿರುಗಿದಾಗ ದಡ ಕಂಡಿತು. ಅಕ್ಕ ಸರ್ಟಿಫಿಕೇಟನ್ನು ನೀರು ಸಿಡಿಯದಂತೆ ಎತ್ತಿ ಹಿಡಿದುಕೊಂಡು ನಿಂತಿದ್ದಳು. ಮರಳಿ ಬಂದು ಅವಳನ್ನು ದಾಟಿಸಿ, ಅವಳು ಮೈಲಿಗಟ್ಟಲೆ ನಡೆದು ಪೇಟೆ ಮುಟ್ಟುವಷ್ಟರಲ್ಲಿ ಇನ್‌ಸ್ಪೆಕ್ಟರು ಹೊರಟುಹೋಗಿದ್ದರು. ಕೆಲಸ ಬೇರೆ ಯಾರಿಗೋ ಆಯಿತು.

ಊರವರು ನನ್ನನ್ನು ಹೊಗಳಿದರು. ಮನೆಯವಳೆಂದು ನೋಡದೆ ನಾಲ್ಕು ಜನಕ್ಕೆ ಅನುಕೂಲ ಮಾಡಿದ ನ್ಯಾಯವಂತ ಎಂದರು. ಅಕ್ಕ ಒಂದು ಮಾತೂ ಆಡಲಿಲ್ಲ. ಎರಡೂ ತಡೆಯಲಾರದೆ ಮೇಷ್ಟ್ರ ಹತ್ತಿರ ಹೋದೆ. ಅವರು ಖುಷಿಯಾಗಿ ನಶ್ಯ ಏರಿಸಿ, ವಿಲಾಯಿತಿಯಲ್ಲಿ ಇದರ ಬಗ್ಗೆ ಎರಡು ಪಂಗಡವೇ ಇದೆ ಎಂದರು. ಒಂದು ಪಂಗಡ, ಹೆಚ್ಚು ಜನಕ್ಕೆ ಹೆಚ್ಚು ಒಳಿತಾಗುವುದೇ ಸರಿ ಎನ್ನುತ್ತದಂತೆ. ಇನ್ನೊಂದು, ಫಲ ಏನಾದರೂ ಆಗಲಿ, ಕೊಟ್ಟ ಮಾತು ನಡೆಸುವುದೇ ಸರಿ ಎನ್ನುತ್ತದಂತೆ. ಹಾಗಾದರೆ ನಾನು ಯಾವ ಪಂಗಡ ಎಂದೆ. ಆ ಹನ್ನೊಂದು ಜನಕ್ಕೆ ಏನು ಒಳಿತಾಯಿತೋ ವಿಚಾರಿಸಿಕೊಂಡು ಬಾ ಎಂದು ಅಟ್ಟಿದರು.

ವಿಚಾರಿಸಿದೆ. ಬೋರಯ್ಯ ಹೋದದ್ದು ಭಾವಮೈದುನನ ಜೊತೆ ಹಳೆಯ ಜಗಳವೊಂದನ್ನು ಮುಂದುವರಿಸಲು. ಇಬ್ಬರು ಹೊಗೆಸೊಪ್ಪು ತಂದರು. ಒಬ್ಬ ಮುದುಕ, ಎಲ್ಲರೂ ಹೊರಟರಲ್ಲ ಎಂದು ಹೊರಟನಂತೆ. ಅಕ್ಕನ ತಕ್ಕಡಿಯೇ ಭಾರವಾಗುತ್ತಿದೆ ಎಂದುಕೊಳ್ಳುವಾಗ ಅವರಲ್ಲೇ ಒಬ್ಬಳಾದ ಸಿದ್ದಮ್ಮ ಸಿಕ್ಕಿದಳು. ಅವಳ ಮಡಿಲಲ್ಲಿದ್ದದ್ದನ್ನು ನಾನು ಸಂತೆಗೆ ಒಯ್ಯುವ ಅವರೆಕಾಯಿ ಗಂಟೆಂದುಕೊಂಡಿದ್ದೆ. ಅದು ಜ್ವರ ಏರಿದ ಅವಳ ಕೂಸು. ಇನ್ನೊಂದು ಗಳಿಗೆ ತಡವಾಗಿದ್ದರೆ ಕಷ್ಟವಿತ್ತು ಎಂದು ಡಾಕ್ಟರು ಹೇಳಿದರಂತೆ. ಸಿದ್ದಮ್ಮ ನನ್ನ ಕಾಲಿಗೆ ಬೀಳಲು ಬಂದಳು. ನಾನು ಓಡಿದೆ. ಹಾಗೆ ನೋಡಿದರೆ ದಾಟಿದವರು ಹನ್ನೆರಡು. ನಾನು ಸರಿಯಾಗಿ ಎಣಿಸಿಯೂ ಇರಲಿಲ್ಲ.

ಮೇಷ್ಟ್ರು ಇದನ್ನು ಕೇಳಿ, ಕೂಸಿನ ವಿಷಯ ನಿನಗೆ ಗೊತ್ತೇ ಇರಲಿಲ್ಲ, ಆ ಪುಣ್ಯ ನಿನ್ನದಲ್ಲ ಎಂದರು. ಕಾದಿದ್ದರೆ ಎಂದು ಕೇಳಿದೆ. ಎರಡನೆಯ ಪಂಗಡದ ಪ್ರಕಾರ ನಿನ್ನ ಕೈ ಚೊಕ್ಕಟವಾಗಿರುತ್ತಿತ್ತು ಎಂದರು.

“ಕೂಸು ಓಗ್ಬುಟ್ಟ ಮ್ಯಾಲೆ ಚೊಕ್ಕಟ ಕೈ ಇಟ್ಕೊಂಡು ನಾನೇನ್ಮಾಡ್ಲಿ ಸೋಮಿ?”

ಮೇಷ್ಟ್ರು ನಾಳೆ ಬಾ ಎಂದರು. ಮರುದಿನ ಮೊದಲ ಪಂಗಡ ಸೇರಿದ್ದರು; ಅದರ ಮರುದಿನ ಬಿಟ್ಟಿದ್ದರು. ಕೊನೆಗೆ ಒಳಗಿನಿಂದ ಅವರ ಹೆಂಡತಿ, ಅವರನ್ಯಾಕೆ ಕೇಳ್ತೀಯಪ್ಪಾ, ನಿಮ್ಮಕ್ಕನನ್ನೇ ಕೇಳು ಎಂದರು. ನಮ್ಮಿಬ್ಬರಿಗೂ ಅದು ಹೊಳೆದೇ ಇರಲಿಲ್ಲ.

ಅಕ್ಕ ರಾಗಿ ಬೀಸುತ್ತಿದ್ದಳು. ಕೇಳಿದೆ. ಕಲ್ಲು ನಿಲ್ಲಿಸಿದಳು.

“ಕೂಸು ಉಳೀತಲ್ಲ, ಅದು ಒಳ್ಳೇದೇ ಆಯ್ತು. ಅದಿರ್ಲಿ, ಬೋರಯ್ಯ ಅನ್ನೊಂದು ಜನ ಅಂದಾಗ ನಿನ್ನೆದೆ ಭಾರ ಆಯ್ತೋ, ಅಗುರಾಯ್ತೋ?”

ನಿಮಗೆ ಮಾತ್ರ ಹೇಳುತ್ತೇನೆ: ಹಗುರವಾಗಿತ್ತು. ಕಾಗದ ಬಂದ ದಿನದಿಂದ, ಅಕ್ಕ ಪೇಟೆ ಸೇರಿದರೆ ನನಗೆ ಮುದ್ದೆ ಬೇಯಿಸುವವರು ಯಾರು ಎಂದು ಒಳಗೊಳಗೇ ಕೊರೆಯುತ್ತಿತ್ತು. ಹಿಟ್ಟು ತಿರುವುವ ಕೋಲನ್ನು ಯಾವ ಕಡೆ ಹಿಡಿಯಬೇಕೆಂಬುದೂ ನನಗೆ ಗೊತ್ತಿರಲಿಲ್ಲ. ಬೋರಯ್ಯನ ಲೆಕ್ಕ ಬಂದು ನನ್ನ ಹೊಟ್ಟೆಗೆ ಒಂದು ಮರ್ಯಾದೆಯ ಹೆಸರು ಕೊಟ್ಟಿತು, ಅಷ್ಟೆ. ಇಂಥವರು ಯಾವ ಪಂಗಡವೆಂದು ಮೇಷ್ಟ್ರನ್ನು ಕೇಳುವ ಧೈರ್ಯ ನನಗಾಗಲಿಲ್ಲ.

ಬೇಸಿಗೆಯಲ್ಲಿ ಅದೇ ಸ್ಕೂಲಿನಲ್ಲಿ ಇನ್ನೊಂದು ಜಾಗ ತೆರವಾಯಿತು. ಹೊಳೆ ಮೊಣಕಾಲುದ್ದ ಇಳಿದಿತ್ತು. ಅಕ್ಕ ನನ್ನನ್ನು ಕೇಳದೆ, ಸೀರೆ ಎತ್ತಿ ಕಟ್ಟಿ, ನಡೆದೇ ದಾಟಿ ಹೋಗಿ ಕೆಲಸ ತೆಗೆದುಕೊಂಡು ಬಂದಳು. ಹೊರಡುವ ದಿನ ಮಾತ್ರ ಅವಳ ತಗಡಿನ ಪೆಟ್ಟಿಗೆ ಹೊತ್ತುಕೊಂಡು ಬಾ ಎಂದಳು. ಅಷ್ಟು ಹೇಳಿದ್ದಕ್ಕೇ ನನ್ನ ಕಣ್ಣು ಒದ್ದೆಯಾಯಿತು. ಪೆಟ್ಟಿಗೆ ತಲೆಯ ಮೇಲಿಟ್ಟು ನೀರಿಗಿಳಿದೆ. ನಡುಹೊಳೆಯಲ್ಲಿ ಕಾಲಿನಡಿಯ ಕಲ್ಲು ಪಾಚಿಗಟ್ಟಿತ್ತು. ಆಗ ನನಗೊಂದು ಯೋಚನೆ ಬಂತು: ಇಲ್ಲಿ ಜಾರಿದರೆ ಪೆಟ್ಟಿಗೆಯಲ್ಲಿರುವುದೆಲ್ಲ ನೆನೆಯುತ್ತದೆ, ಅದು ಒಣಗುವವರೆಗೆ ಅಕ್ಕ ಇನ್ನೂ ಎರಡು ದಿನ ಮನೆಯಲ್ಲಿರುತ್ತಾಳೆ.

“ನೋಡ್ಕೊಂಡು ನಡಿಲಾ,” ಎಂದಳು ಹಿಂದಿನಿಂದ.

ನಾನು ಜಾರಲಿಲ್ಲ. ಆದರೆ ಅದು ಧರ್ಮಕ್ಕೆ ಅಂಜಿಯೋ, ಪೇಟೆಯ ಮಕ್ಕಳ ಒಳಿತಿಗೋ, ಇಲ್ಲ ಬೆನ್ನ ಹಿಂದೆಯೇ ಬರುತ್ತಿದ್ದ ಅಕ್ಕನ ಭಯಕ್ಕೋ, ದಯವಿಟ್ಟು ನನ್ನನ್ನು ಕೇಳಬೇಡಿ.