ವೇಲ್ಸಿನ ಗುತ್ತಿನವರು

ನಿಮ್ಮ ಚಿಕ್ಕಜ್ಜನಿಗೆ ಬದುಕಿರುವ ಮನುಷ್ಯರ ಪರಿಚಯ ಬಹಳ ಕಡಿಮೆ ಇತ್ತು. ಪಕ್ಕದ ಫ್ಲ್ಯಾಟಿನಲ್ಲಿ ಯಾರಿದ್ದಾರೆ ಎಂದು ಕೇಳಿದರೆ ತಲೆ ಕೆರೆದುಕೊಳ್ಳುತ್ತಿದ್ದ. ಆದರೆ ಇನ್ನೂರು ವರ್ಷದ ಹಿಂದೆ ವೇಲ್ಸ್ ದೇಶದಲ್ಲಿ ಯಾವ ಪಾದ್ರಿ ಯಾವ ಜಮೀನುದಾರನೊಡನೆ ಏಕೆ ಮಾತು ಬಿಟ್ಟ ಎಂದು ಕೇಳಬೇಕಿತ್ತು. ಮೀನು ಸಾರು ತಣ್ಣಗಾಗಿ ಕೆನೆಗಟ್ಟುವವರೆಗೆ ಹೇಳುತ್ತಿದ್ದ. ಕೇಳದಿದ್ದರೂ ಹೇಳುತ್ತಿದ್ದ, ಅದು ಬೇರೆ ಮಾತು.

ವೇಲ್ಸ್ ಎಂದರೆ ಇಂಗ್ಲೆಂಡಿನ ಪಕ್ಕಕ್ಕೆ ಅಂಟಿಕೊಂಡಿರುವ ಗುಡ್ಡಗಾಡಿನ ಸೀಮೆ. ಅದನ್ನು ಇಂಗ್ಲೆಂಡ್ ಎಂದರೆ ಅಲ್ಲಿಯವರಿಗೆ ಸಿಟ್ಟು ಬರುತ್ತದಂತೆ. ಅವರಿಗಿಂತ ಹೆಚ್ಚು ಸಿಟ್ಟು ನನ್ನ ಈ ಮೈದುನನಿಗೆ ಬರುತ್ತಿತ್ತು.

ಆಗ ನಾವು ಬಹರೈನಿನ ಮಾಹೂಝ್‌ನಲ್ಲಿ ಎರಡು ಕೋಣೆಯ ಫ್ಲ್ಯಾಟಿನಲ್ಲಿದ್ದೆವು. ನಿಮ್ಮ ಅಜ್ಜ ಮೀನಾ ಸಲ್ಮಾನ್ ಬಂದರಿನ ಹತ್ತಿರದ ವರ್ಕ್‌ಶಾಪಿನಲ್ಲಿ ಫಿಟ್ಟರ್. ಅವರ ತಮ್ಮ ಅಲ್ಲೇ ಒಂದು ಗೋದಾಮಿನಲ್ಲಿ ಸ್ಟೋರ್‌ಕೀಪರ್, ಊಟ ತಿಂಡಿಗೆ ನಮ್ಮ ಮನೆ. ಗೋದಾಮಿನಲ್ಲಿದ್ದ ವೇಲ್ಸಿನ ಫೋರ್‌ಮನ್ ಊರಿಗೆ ಮರಳುವಾಗ ಸಾಮಾನಿನ ಭಾರ ಹೆಚ್ಚಾಯಿತೆಂದು ಒಂದು ಪುಸ್ತಕವನ್ನು ಇವನ ಕೈಗೆ ಕೊಟ್ಟು ವಿಮಾನ ಹತ್ತಿದ. ಅರೆಯುವ ಕಲ್ಲಿನಷ್ಟು ಭಾರದ ಪುಸ್ತಕ. ಒಳಗೆಲ್ಲ ವೇಲ್ಸಿನ ಪಾದ್ರಿಗಳು, ಜಮೀನುದಾರರು, ಪಾರ್ಲಿಮೆಂಟಿಗೆ ಹೋದವರು, ಇವರ ಜೀವನ ಚರಿತ್ರೆ. ಆ ಫೋರ್‌ಮನ್ ಭಾರ ಇಳಿಸಿಕೊಂಡು ಹಾಯಾಗಿ ಹೋದ. ಹೊತ್ತುಕೊಂಡವರು ನಾವು.

ಅಷ್ಟು ಜನರಲ್ಲಿ ಒಬ್ಬ ಪಾದ್ರಿ ಮಾತ್ರ ನನಗೂ ಇಷ್ಟವಾಗಿದ್ದ. ಕುದುರೆಯ ಮೇಲೆ ಗುಡ್ಡದಿಂದ ಗುಡ್ಡಕ್ಕೆ ಹೋಗಿ ಬಯಲಲ್ಲಿ ನಿಂತು ಬೋಧನೆ ಮಾಡುವವನು. ಒಮ್ಮೆ ಆ ಪಾದ್ರಿಯ ಮಾತು ಮುಗಿಯುವುದೇ ಇಲ್ಲವೆಂದು ಕುದುರೆಗೆ ಬೇಸರ ಬಂದು, ಹಗ್ಗ ಬಿಡಿಸಿಕೊಂಡು ತಾನೊಂದೇ ಮನೆಗೆ ಹೊರಟಿತಂತೆ.

"ಕುದುರೆಗೆ ಇದ್ದ ಬುದ್ಧಿ ನಮಗಿಲ್ಲವಲ್ಲ," ಎನ್ನುತ್ತಿದ್ದರು ನಿಮ್ಮ ಅಜ್ಜ, ಅನ್ನಕ್ಕೆ ಮಜ್ಜಿಗೆ ಸುರಿದುಕೊಳ್ಳುತ್ತ.

ಒಂದು ಶುಕ್ರವಾರ ರಜೆಯ ದಿನ ಮೈದುನ ಪುಸ್ತಕ ಎದೆಗೆ ಒತ್ತಿಕೊಂಡು ಅಡುಗೆಮನೆಗೆ ನುಗ್ಗಿದ.

"ಅತ್ತಿಗೆ, ಇವರು ನಮ್ಮವರೇ! ಇಲ್ಲಿ ನೋಡಿ, ಈ ಜಮೀನುದಾರ ಸತ್ತ ಮೇಲೆ ಆಸ್ತಿಯೆಲ್ಲ ಅಕ್ಕನ ಮಗನಿಗೆ ಹೋಗಿದೆ. ಅಳಿಯಕಟ್ಟು!"

ನಮ್ಮ ಕರಾವಳಿಯ ಕಡೆ ಹಿಂದೆ ಆಸ್ತಿ ಮಗನಿಗೆ ಹೋಗುತ್ತಿರಲಿಲ್ಲ, ಅಳಿಯಂದಿರಿಗೆ, ಅಂದರೆ ಅಕ್ಕತಂಗಿಯರ ಮಕ್ಕಳಿಗೆ ಹೋಗುತ್ತಿತ್ತು. ಅದೇ ಅಳಿಯಕಟ್ಟು.

"ಅವನಿಗೆ ಮಕ್ಕಳಿರಲಿಲ್ಲ, ಅದಕ್ಕೆ ಕೊಟ್ಟದ್ದು ಮಾರಾಯ," ಎಂದರು ನಿಮ್ಮ ಅಜ್ಜ.

"ಮತ್ತೆ ಉಳಿದ ಕಡೆ ಮಗನಿಗೆ ಹೋದದ್ದುಂಟಲ್ಲ?" ಎಂದು ನಾನೂ ಮೆಲ್ಲಗೆ ಕೇಳಿದೆ.

"ಅದು ಮಕ್ಕಳು ಕೋರ್ಟಿಗೆ ಹೋಗಿ ತಮ್ಮ ಕಡೆ ತಿರುಗಿಸಿಕೊಂಡದ್ದು ಅತ್ತಿಗೆ. ನಮ್ಮಲ್ಲಿ ಆಗಲಿಲ್ಲವಾ?"

ಅಂದಿನಿಂದ ಅವನು ವೇಲ್ಸಿನ ದೊಡ್ಡ ಮನೆಗಳಿಗೆಲ್ಲ, ನಮ್ಮ ಕಡೆ ಜಮೀನುದಾರರ ಮನೆತನಕ್ಕೆ ಹೇಳುವ ಹಾಗೆ, ಗುತ್ತು ಎಂದು ಹೆಸರಿಟ್ಟ. ಅಷ್ಟಕ್ಕೆ ನಿಲ್ಲಲಿಲ್ಲ. ಒಬ್ಬೊಬ್ಬ ಪಾದ್ರಿಗೂ ಒಂದೊಂದು ಬಳಿ ಹಂಚಿದ. ಬಳಿ ಎಂದರೆ ತಾಯಿಯ ಕಡೆಯಿಂದ ಬರುವ ವಂಶ. ಒಂದೇ ಬಳಿಯವರು ಅಣ್ಣತಂಗಿಯರ ಲೆಕ್ಕ, ಅವರಲ್ಲಿ ಮದುವೆ ಇಲ್ಲ. "ಈ ಬಿಷಪ್ಪು ಮಾಡಿಕೊಂಡದ್ದು ತಪ್ಪು ಸಂಬಂಧ," ಎಂದು ಒಂದು ರಾತ್ರಿ ಊಟವನ್ನೇ ಬಿಟ್ಟಿದ್ದ.

ಇದೆಲ್ಲ ನಗೆಯ ಮಾತಾಯಿತು. ಆದರೆ ಆ ವರ್ಷ ನಿಮ್ಮ ಅಜ್ಜನ ಕೆಲಸ ಮುಗಿದು ನಾವು ಊರಿಗೆ ಮರಳುವುದೆಂದು ನಿಶ್ಚಯವಾಯಿತು. ನನ್ನ ನಗೆ ನಿಂತಿತು. ಮೈದುನನಿಗೆ ನಲ್ವತ್ತು ದಾಟುತ್ತಿತ್ತು, ಮದುವೆಯಾಗಿರಲಿಲ್ಲ. ನಾವು ಹೋದರೆ ಇವನು ಬಂದರಿನ ಲೇಬರ್ ಕ್ಯಾಂಪಿನಲ್ಲಿ ಒಂದು ಮಂಚ, ಒಂದು ಪುಸ್ತಕ ಇಟ್ಟುಕೊಂಡು ಕೂರಬೇಕು. ಅನ್ನವನ್ನು ಮೆಸ್ಸಿನವರು ಹಾಕಿಯಾರು. ಮಾತು ಕೇಳುವವರು ಯಾರು? ಹೋಗುವುದರೊಳಗೆ ಇವನಿಗೊಂದು ಮನೆ ಆಗಲೇಬೇಕೆಂದು ನಾನು ಹಟ ಹಿಡಿದೆ. ನಾಲ್ಕು ಜನರ ಮುಂದೆ ಬಾಯಿ ಬಿಡಲು ನಾಚುವ ನಾನು ಪರಿಚಯದವರ ಮನೆಮನೆಗೆ ಹೋಗಿ ಹೆಣ್ಣು ಕೇಳಿದೆ.

ಹೀಗೆ ಒಬ್ಬ ನರ್ಸಿನ ವಿಷಯ ತಿಳಿಯಿತು. ಉಡುಪಿ ಕಡೆಯವಳು, ವಯಸ್ಸು ಮೂವತ್ತೈದರ ಹತ್ತಿರ. ತಂಗಿಯರ ಮದುವೆ ಮಾಡಿಸುವುದರಲ್ಲಿ ತನ್ನದು ಹಿಂದೆ ಉಳಿದಿತ್ತು. ಅವಳು ಯಾರೆಂದು ನಿಮಗೆ ಗೊತ್ತು. ಈಗಲೇ ನಗಬೇಡಿ, ಕಥೆ ಇನ್ನೂ ಉಂಟು.

ಶುಕ್ರವಾರ ಸಂಜೆ ಅವಳು ಸೋದರಮಾವನೊಡನೆ ಬಂದಳು. ಮಾವ ಹೋಟೆಲಿನಲ್ಲಿ ಕ್ಯಾಷಿಯರ್, ಗಂಭೀರ ಮನುಷ್ಯ. ನಮ್ಮ ಸಾಮಾನೆಲ್ಲ ಪೆಟ್ಟಿಗೆಗೆ ಸೇರಿತ್ತು, ಅವರನ್ನು ಪೆಟ್ಟಿಗೆಗಳ ನಡುವೆಯೇ ಕೂರಿಸಿದೆವು. "ಇವತ್ತೊಂದು ದಿನ ವೇಲ್ಸ್ ಬೇಡ," ಎಂದು ಮೈದುನನ ಕೈ ಹಿಡಿದು ಬೇಡಿಕೊಂಡಿದ್ದೆ. ಅವನು ತಲೆಯಾಡಿಸಿದ್ದ.

ಮಾವ ಗೋಳಿಬಜೆ ಕೈಗೆತ್ತಿಕೊಂಡು ಕೇಳಿದರು, "ನಿಮ್ಮದು ಯಾವ ಬಳಿ?"

ಮೈದುನ ಹೇಳಿದ. ಬೇರೆ ಬಳಿ, ತೊಂದರೆ ಇಲ್ಲ. ಅಲ್ಲಿಗೆ ಬಾಯಿ ಮುಚ್ಚಬಹುದಿತ್ತು.

"ನಮ್ಮದೇ ಬಳಿಯ ಒಬ್ಬ ದೊಡ್ಡ ಮನುಷ್ಯ ವೇಲ್ಸಿನಲ್ಲಿದ್ದ. ಭಾರೀ ಗುತ್ತು ಅವನದ್ದು."

"ಹೌದಾ? ಹಡಗಿನಲ್ಲಿ ಹೋದದ್ದಾ?"

"ಇಲ್ಲ, ಅಲ್ಲಿಯೇ ಹುಟ್ಟಿದ್ದು. ಇಂಗ್ಲಿಷಿನವರ ಹಾಗೆ ಬಿಳಿ."

ಮಾವ ಗೋಳಿಬಜೆಯನ್ನು ತಿರುಗಿ ತಟ್ಟೆಗಿಟ್ಟರು. ಮೈದುನ ಅಳಿಯಕಟ್ಟು ವಿವರಿಸಿ, ಬಿಷಪ್ಪನ ತಪ್ಪು ಸಂಬಂಧ ದಾಟಿ, ಪಾದ್ರಿಯ ಕುದುರೆ ಹಗ್ಗ ಬಿಡಿಸಿಕೊಳ್ಳುವಲ್ಲಿಗೆ ಬರುವಷ್ಟರಲ್ಲಿ ಮಾವ ಎದ್ದೇ ನಿಂತರು.

"ಹೊರಡುವಾ ಮಗಾ. ನಿನಗೆ ಡ್ಯೂಟಿ ಉಂಟಲ್ಲ."

"ಇವತ್ತು ಡ್ಯೂಟಿ ಇಲ್ಲ ಮಾವ," ಎಂದಳು ಅವಳು. ಅದು ಅವಳ ಮೊದಲ ಮಾತು. ಆಮೇಲೆ ಮೈದುನನ ಕಡೆ ತಿರುಗಿ, "ಆ ಗುತ್ತಿನವನ ಅಕ್ಕನ ಹೆಸರೇನು?"

"ಯಾವ ಅಕ್ಕ?"

"ಆಸ್ತಿ ಅಳಿಯನಿಗೆ ಹೋಯ್ತು ಅಂದಿರಲ್ಲ. ಅಳಿಯನನ್ನು ಹೆತ್ತವಳು."

ಮೈದುನ ಪುಸ್ತಕ ತಂದ. ಹಾಳೆ ತಿರುಗಿಸಿದ. ಅಕ್ಕನ ಮಗ ಎಂದಿತ್ತು. ಅಕ್ಕ ಎಲ್ಲಿಯೂ ಇರಲಿಲ್ಲ. ಬಿಷಪ್ಪನ ಪುಟಕ್ಕೆ ಹೋದ, ಅಲ್ಲಿ ತಾಯಿ ಇರಲಿಲ್ಲ.

"ತಾಯಿ ಯಾರೆಂದೇ ಗೊತ್ತಿಲ್ಲದೆ ಬಳಿ ಹೇಗೆ ಹೇಳಿದಿರಿ?"

"ಈ ಏಸಿ ಇಷ್ಟು ಸದ್ದು ಮಾಡ್ತದಂತ ಇವತ್ತು ಗೊತ್ತಾಯ್ತು," ಎಂದರು ನಿಮ್ಮ ಅಜ್ಜ. ಯಾರೂ ನಗಲಿಲ್ಲ. ಮೈದುನ ಪುಸ್ತಕ ಮುಚ್ಚಿ ತೊಡೆಯ ಮೇಲಿಟ್ಟುಕೊಂಡು ಅದರ ರಟ್ಟನ್ನು ಸವರುತ್ತ ಕುಳಿತ. ಸಂಬಂಧ ಕೈತಪ್ಪಿತೆಂದು ನಾನು ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದೆ.

ಅವಳೂ ಒಂದು ಲೋಟ ಹಿಡಿದು ನನ್ನ ಹಿಂದೆಯೇ ಬಂದಳು.

"ಅಕ್ಕಾ, ಇದನ್ನೆಲ್ಲ ನೀವು ದಿನಾ ಕೇಳುದಾ?"

"ಬೇಜಾರು ಮಾಡ್ಬೇಡ ಮಾರಾಯ್ತಿ. ಮನಸ್ಸು ಒಳ್ಳೆಯದುಂಟು ಅವನದ್ದು."

"ಆ ಕುದುರೆ ಮನೆಗೆ ಮುಟ್ಟಿತಾ?"

"ಮುಟ್ಟಿತು. ಪಾದ್ರಿ ಮುಟ್ಟಿದ್ದು ಮರುದಿನ."

ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. ಆಮೇಲೆ ನಲ್ಲಿ ತಿರುಗಿಸಿ ಲೋಟ ತೊಳೆಯುತ್ತ, "ವಾರ್ಡಿನಲ್ಲಿ ಎಲ್ಲರೂ ನನ್ನನ್ನು ಕರೆಯುವುದು ನೋವು ಹೇಳ್ಲಿಕ್ಕೆ. ಕಥೆ ಹೇಳ್ಲಿಕ್ಕೆ ಯಾರೂ ಕರೆದದ್ದಿಲ್ಲ," ಎಂದಳು.

ಬಾಗಿಲಲ್ಲಿ ಮೈದುನ ನಿಂತಿದ್ದ. ಕೈಯಲ್ಲಿ ಪುಸ್ತಕ ಇರಲಿಲ್ಲ.

"ನಿಮ್ಮ ತಾಯಿಯ ಹೆಸರೇನು?" ಎಂದು ಕೇಳಿದ.

ಅವಳು ಹೇಳಿದಳು.

"ಅವರ ತಾಯಿಯದ್ದು?"

ಅದನ್ನೂ ಹೇಳಿದಳು. ಗಂಡ ಸತ್ತ ಮೇಲೆ ಆ ಅಜ್ಜಿ ಎರಡು ಎಮ್ಮೆ ಸಾಕಿ ಹೆಣ್ಣುಮಕ್ಕಳನ್ನೆಲ್ಲ ಶಾಲೆಗೆ ಕಳಿಸಿದ್ದನ್ನು ಹೇಳಿದಳು. ತಾಯಿ ಹೊಳೆ ದಾಟಿ ಶಾಲೆಗೆ ಹೋಗುತ್ತಿದ್ದುದನ್ನು ಹೇಳಿದಳು. ಮೈದುನ ಚೌಕಟ್ಟಿಗೆ ಒರಗಿ, ಒಂದು ಮಾತೂ ನಡುವೆ ಹಾಕದೆ ಕೇಳುತ್ತಿದ್ದ. ಅವಳ ಕೈಯಲ್ಲಿ ಲೋಟ ಹಾಗೆಯೇ ಇತ್ತು, ನೀರು ಸುಮ್ಮನೆ ಹರಿಯುತ್ತಿತ್ತು.

ಹೊರಗಿನಿಂದ ಮಾವ ಕರೆದರು, "ಮಗಾ, ಹೊರಡುವಾ."

ಇಬ್ಬರಿಗೂ ಕೇಳಿಸಲಿಲ್ಲ. ನಾನು ನಲ್ಲಿ ನಿಲ್ಲಿಸಿ, ಮಾವನವರಿಗೆ ಇನ್ನೊಮ್ಮೆ ಚಹಾಕ್ಕಿಟ್ಟೆ.