ಕರೆಂಟು ಹೋದ ಹಾಡು

ಇದನ್ನು ಬರೆಯಬೇಕೆಂದು ಕೂತು ಎದ್ದು ನಾಲ್ಕು ವರ್ಷವಾಯಿತು. ಪ್ರತಿ ಸಲ ಪೆನ್ನು ಹಿಡಿದಾಗಲೂ ನನ್ನ ಹೆಂಡತಿಯ ತಮ್ಮನ ಮೇಲೆ ಸಿಟ್ಟು ಬಂದು ಕೆಳಗಿಡುತ್ತೇನೆ. ಈ ಭೂಮಿಯ ಮೇಲೆ ನನಗೆ ಅವನಷ್ಟು ತ್ರಾಸ ಕೊಟ್ಟವರಿಲ್ಲ. ಹೆಸರು ಹೇಳುವುದಿಲ್ಲ. ಊರ ದೇವರದೇ ಹೆಸರು, ಹೇಳಿದರೆ ಕೊಟ್ಟೂರಿನಲ್ಲಿ ಅರ್ಧ ಊರು ತಿರುಗಿ ನೋಡುತ್ತದೆ!

ನಲವತ್ತೆಂಟನೆಯ ವಯಸ್ಸಿಗೆ ಮನುಷ್ಯನಿಗೆ ಏನು ಬರಬೇಕು? ಚಾಳೀಸು ಬರಬೇಕು, ಮಂಡಿನೋವು ಬರಬೇಕು. ಇವನಿಗೆ ರಾಕ್ ಬ್ಯಾಂಡ್ ಬಂತು! ಬಟ್ಟೆ ಅಂಗಡಿಯ ಗಲ್ಲೆಯ ಮೇಲೆ ಕೂರುವವನು ಗಿಟಾರು ತಂದ. ಹರಪನಹಳ್ಳಿಯಲ್ಲಿ ಮೋಟಾರ್ ವೈಂಡಿಂಗ್ ಮಾಡುವ ಸ್ನೇಹಿತನೊಬ್ಬ ಡ್ರಮ್ಮಿಗೆ ಕೂತ. ಇಬ್ಬರೇ ಸೇರಿದರೆ ಬ್ಯಾಂಡ್ ಆಗುತ್ತದೇನೋ ಎಂದು ಕೇಳಿದೆ. ಮೂರನೆಯವನು ಕೇಳುವವನು ಎಂದ. ಆ ಮೂರನೆಯವನು ನಾನು! ತಾಲೀಮು ನಡೆಯುತ್ತಿದ್ದುದು ನನ್ನ ಮೈಕ್‌ಸೆಟ್ ಅಂಗಡಿಯ ಹಿಂದೆ, ನನ್ನದೇ ಆಂಪ್ಲಿಫೈಯರಿನಲ್ಲಿ. ನನಗೆಂದೇ ಒಂದು ಕಬ್ಬಿಣದ ಕುರ್ಚಿ ಬೇರೆ ಹಾಕಿದ್ದ.

ಹಾಡಾದರೂ ಹಾಡಿನಂತಿತ್ತೇ? ಪ್ರೀತಿ ಇಲ್ಲ, ಹುಡುಗಿ ಇಲ್ಲ, ಬರೀ ಪ್ರಶ್ನೆ! ಕನ್ನಡಿ ಒಡೆದರೆ ನಾನು ಎಷ್ಟು ಮಂದಿ ಎಂದು ಕಿರುಚುತ್ತಿದ್ದ. ಮೈಕು ಬಾಡಿಗೆ ಕೇಳಲು ಬಂದವರು ಒಳಗೆ ಯಾರಿಗೆ ಏನಾಗಿದೆ ಎಂದು ವಿಚಾರಿಸುತ್ತಿದ್ದರು. ನನ್ನವಳು ಮಾತ್ರ ತಮ್ಮನ ಕೈಗೆ ಒಗ್ಗರಣೆ ಮಂಡಕ್ಕಿ ಕೊಟ್ಟು, "ಇನ್ನೊಂದ್ಸಲ ಹಾಡೋ" ಎನ್ನುತ್ತಿದ್ದಳು.

ಮೂರು ವರ್ಷ ಅರಚಿದ ಮೇಲೆ ಅವನಿಗೆ ಮೊದಲ ವೇದಿಕೆ ಸಿಕ್ಕಿತು. ಹಂಪಸಾಗರದಲ್ಲಿ ಹೆಡ್‌ಮಾಸ್ತರೊಬ್ಬರ ನಿವೃತ್ತಿ ಸಮಾರಂಭ. ಮೈಕು ನನ್ನದು, ಸೀರಿಯಲ್ ಸೆಟ್ ದೀಪಗಳೂ ನನ್ನವು. ಎರಡು ಭಾವಗೀತೆ ಹಾಡಿ ಇಳಿದುಬಿಡು ಎಂದು ನೂರು ಸಲ ಹೇಳಿದ್ದೆ. ಅವನು ಆರಿಸಿದ್ದು ಯಾವುದು ಗೊತ್ತೇ?

"ನಾ ಎದ್ದ್ ಹೋದ ಮ್ಯಾಲೆ ಈ ಕುರ್ಚಿ ಯಾರದೋ..."

ಹಾರ ಹಾಕಿಸಿಕೊಂಡು ಕುರ್ಚಿಯಲ್ಲಿ ಕೂತವರ ಮುಂದೆ ಹಾಡುವ ಹಾಡೇ ಇದು! ಹೆಡ್‌ಮಾಸ್ತರು ತಲೆ ತಗ್ಗಿಸಿದರು. ಸಮಿತಿಯವರು ನನ್ನ ಕಡೆ ಕಣ್ಣು ಬಿಟ್ಟರು. ಇನ್ನು ಈ ಸೀಮೆಯಲ್ಲಿ ನನ್ನ ಮೈಕನ್ನು ಯಾರೂ ಕರೆಸುವುದಿಲ್ಲ ಎನಿಸಿತು. ಕೊನೆಯ ನುಡಿಗೆ ಅವನು ಉಸಿರೆಳೆದುಕೊಳ್ಳುತ್ತಿದ್ದಾಗ ಆಂಪ್ಲಿಫೈಯರ್ ಬಂದ್ ಮಾಡಿಬಿಟ್ಟೆ. "ಕರೆಂಟ್ ಹೋತಲೇ" ಎಂದು ಕೂಗಿಯೂ ಬಿಟ್ಟೆ.

ಎಂಥ ಜಾಣ ನಾನು! ಅವನ ತಲೆಯ ಮೇಲೆ ಕೆಂಪು, ಹಸಿರು ದೀಪಗಳು ಓಡಾಡುತ್ತಲೇ ಇದ್ದವು.

ಅವನು ದೀಪ ನೋಡಿದ. ನನ್ನನ್ನು ನೋಡಿದ. ಜನ ನನ್ನ ಕಡೆ ತಿರುಗಿ ನಗಲು ಶುರುಮಾಡಿದರು. ಆಗ ಅವನು ಮುಂದೆ ಬಂದು ಬರಿಯ ಬಾಯಲ್ಲೇ ಹೇಳಿದ: "ನಗಬ್ಯಾಡ್ರಿ. ದೀಪದ ಲೈನ್ ಬ್ಯಾರೆ, ಮೈಕಿನ ಲೈನ್ ಬ್ಯಾರೆ. ನಮ್ಮ ಮಾವ ಸುಳ್ಳ್ ಹೇಳೂದಿಲ್ಲ."

ಗಿಟಾರು ಚೀಲಕ್ಕೆ ಹಾಕಿ ಇಳಿದ. ಹೆಡ್‌ಮಾಸ್ತರು ಕಣ್ಣೊರೆಸಿಕೊಳ್ಳುತ್ತ ನನ್ನ ಬಳಿ ಬಂದು, ಕೊನೆಯ ನುಡಿ ಏನಿತ್ತು ಎಂದು ಕೇಳಿದರು. ನನಗೆ ಗೊತ್ತಿರಲಿಲ್ಲ. ತಾಲೀಮಿನಲ್ಲಿ ಆ ನುಡಿ ಬರುವ ಮೊದಲೇ ನಾನು ಕುರ್ಚಿಯಿಂದ ಎದ್ದು ಹೋಗಿರುತ್ತಿದ್ದೆ.

ಅವನು ಮತ್ತೆ ವೇದಿಕೆ ಹತ್ತಲಿಲ್ಲ. ಸಿಟ್ಟಾಗಬಾರದೇ? ಜಗಳವಾಡಬಾರದೇ? ಇವತ್ತಿಗೂ ಹಬ್ಬಕ್ಕೆ ಬಂದು, "ಆರಾಮ ಅದೀರೇನ್ರಿ ಮಾವ?" ಎನ್ನುತ್ತಾನೆ! ಒಬ್ಬ ಮುದುಕನಿಗೆ ಕೊಡುವ ಶಿಕ್ಷೆಯೇ ಇದು?

ಅಂಗಡಿಯ ಹಿಂದೆ ಆ ಕುರ್ಚಿ ಹಾಗೇ ಇದೆ. ಆಂಪ್ಲಿಫೈಯರಿನ ಧೂಳು ಒರೆಸಿಟ್ಟಿದ್ದೇನೆ. ಅವನು ಬಂದು ಹಾಡಲಿ, ಈ ಸಲ ಕೊನೆಯ ನುಡಿ ಮುಗಿಯುವವರೆಗೆ ನಾನು ಏಳುವುದಿಲ್ಲ. ಅವತ್ತು ಕರೆಂಟು ಹೋಗಿರಲಿಲ್ಲ, ಕೊಟ್ರೇಶ.